ಚಂಪಾ ಎದ್ದಾಳೇನ?

ಮೊನ್ನೆ ಸೋಲಾಪುರದ ಬ್ಯಾಂಕೊಂದರಲ್ಲಿ ಪಾಳಿ ಹಚ್ಚಿ ನಿಂತಿದ್ದಾಗ ಕರೆಂಟು ಹೋಗಿ ಬಂತು. ಗಾಜಿನ ಆಚೆಗಿದ್ದ ಕಂಪ್ಯೂಟರ್ ಮತ್ತೆ ಏಳುವಾಗ ಅದರ ಕರಿಯ ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಮೇಲಕ್ಕೆ ಹರಿದವು. ಉಳಿದವರೆಲ್ಲ ಬೇಸರದಿಂದ ಗೊಣಗುತ್ತಿದ್ದರೆ ನಾನೊಬ್ಬಳೇ ಕುತ್ತಿಗೆ ಉದ್ದ ಮಾಡಿ ಆ ಸಾಲುಗಳನ್ನು ಓದತೊಡಗಿದೆ. ಕೌಂಟರಿನ ಹುಡುಗಿ ನನ್ನನ್ನು ಅನುಮಾನದಿಂದ ನೋಡಿ ಪರದೆಯನ್ನು ಸ್ವಲ್ಪ ಅತ್ತ ತಿರುಗಿಸಿಕೊಂಡಳು. ಪಾಪ, ಅವಳಿಗೇನು ಗೊತ್ತು! ನಾನು ಅಲ್ಲಿ ನಮ್ಮ ಅತ್ತೆಯನ್ನು ಹುಡುಕುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೋಲಾಪುರದಿಂದ ಅಕ್ಕಲಕೋಟೆಗೆ ಸೊಸೆಯಾಗಿ ಹೋದೆ. ಮದುವೆಗೆ ಮೊದಲು ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದವಳು. ಗಂಡನ ಮನೆಯಲ್ಲಿ ಹೊಲ, ದನ, ಕಾಳಿನ ಚೀಲಗಳು. ಅಡಿಗೆಮನೆಯಲ್ಲಿ ನಾನು ಯಾವ ಉಪಯೋಗಕ್ಕೂ ಬಾರದವಳು ಎಂಬುದು ಬೇಗನೆ ಎಲ್ಲರಿಗೂ ತಿಳಿಯಿತು. ನಾನು ಬಡಿದ ರೊಟ್ಟಿಯನ್ನು ಎಮ್ಮೆ ಮಾತ್ರ ತಕರಾರಿಲ್ಲದೆ ತಿನ್ನುತ್ತಿತ್ತು. ಹಾಗಾಗಿ ಮುಂದಿನ ಖೋಲಿಯಲ್ಲಿ ಹೆಣ್ಣುಮಕ್ಕಳಿಗೊಂದು ಕಂಪ್ಯೂಟರ್ ಕ್ಲಾಸು ತೆರೆಯುತ್ತೇನೆಂದಾಗ ಅತ್ತೆ ಒಪ್ಪಿದ್ದು ಬಹುಶಃ ರೊಟ್ಟಿಯ ಮೇಲಿನ ಕರುಣೆಯಿಂದ ಇರಬೇಕು.

ಮಾವನವರು ಒಪ್ಪಿದ್ದು ಒಂದು ಕರಾರಿನ ಮೇಲೆ. "ರಾಶಿ ಆಗೂತನಕ ಇರ್ಲಿ. ತೊಗರಿ ಚೀಲ ಬಂದ್ರ ಖೋಲಿ ಖಾಲಿ ಮಾಡಬೇಕ ನೋಡವಾ," ಎಂದರು. ತೊಗರಿಯ ಒಕ್ಕಣೆ ಮುಗಿಯುವುದರೊಳಗೆ ಕ್ಲಾಸು ನಡೆದು ತೋರಿಸಿದರೆ ಮುಂದಿನದು ನೋಡೋಣ ಎಂಬುದು ಅದರ ಅರ್ಥ.

ನನ್ನ ಅಪ್ಪ ಸೋಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರಖಾನೆಯೊಂದರಲ್ಲಿ ಗುಮಾಸ್ತರು. ಅಲ್ಲಿ ಗುಜರಿಗೆ ಹೊರಟಿದ್ದ ನಾಲ್ಕು ಹಳೆಯ ಕಂಪ್ಯೂಟರುಗಳನ್ನು ಕೇಳಿ ಪಡೆದು ಟೆಂಪೊದಲ್ಲಿ ಕಳಿಸಿಕೊಟ್ಟರು. ಬಿಚ್ಚಿ ನೋಡಿದರೆ ಒಂದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ, ಕಾರಖಾನೆಯವರು ತೆಗೆದುಕೊಂಡಿದ್ದರು. ಡಿಸ್ಕ್ ಇಲ್ಲದ ಕಂಪ್ಯೂಟರಿಗೆ ತಾನು ಏನು ಮಾಡಬೇಕೆಂಬುದೇ ಗೊತ್ತಿರುವುದಿಲ್ಲ. ಆದರೆ ನನ್ನ ಸ್ವಂತ ಕಂಪ್ಯೂಟರ್ ಒಂದಿತ್ತು, ಪತ್ರಿಕೆಯೊಂದರ ಜೊತೆ ಬಂದ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶದ ಸಿ.ಡಿ. ಇತ್ತು. ಐದನ್ನೂ ಒಂದು ಕರಿಯ ಕೇಬಲಿನಿಂದ ಜೋಡಿಸಿದರೆ, ನನ್ನದರ ಡಿಸ್ಕಿನಿಂದಲೇ ಉಳಿದ ನಾಲ್ಕೂ ನಡೆಯಬಲ್ಲವು ಎಂದು ಓದಿಕೊಂಡಿದ್ದೆ. ಓದುವುದು ಸುಲಭ.

ಒಂದು ಎದ್ದರೆ ಉಳಿದವುಗಳ ದಾರಿ ತಿಳಿದೀತೆಂದು ಒಂದನ್ನೇ ಹಿಡಿದು ಕೂತೆ. ಅದಕ್ಕೆ ಫ್ಲಾಪಿ ಹಾಕಿ ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ಸಾಲು ಬಂದು, ಮುಂದೆ ಚುಕ್ಕೆ, ಚುಕ್ಕೆ, ಮತ್ತೆ ಚುಕ್ಕೆ. ದಿನಗಟ್ಟಲೆ ಇದೇ. ಹೊರಗೆ ಹೊಲಗಳಲ್ಲಿ ತೊಗರಿ ಕಾಯಿ ಬಲಿಯುತ್ತಿತ್ತು. ನನ್ನಷ್ಟು ಅಕ್ಕಲಕೋಟೆಯಲ್ಲಿ ಇನ್ನಾರೂ ಒಳ್ಳೆಯ ಬೆಳೆಯನ್ನು ನೋಡಿ ಹೆದರಿರಲಾರರು.

ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅತ್ತೆ ಮೊರ ಹಿಡಿದು ಖೋಲಿಯ ಹೊಸ್ತಿಲಲ್ಲಿ ಕೂರುತ್ತಿದ್ದರು. ಶೇಂಗಾ ಹಸನು ಮಾಡುತ್ತ ನನ್ನ ಚುಕ್ಕೆಗಳನ್ನು ನೋಡುವರು. ಮಾತು ಕಡಿಮೆಯ ಹೆಂಗಸು. ಶಾಲೆಯ ಮುಖ ನೋಡಿದವರಲ್ಲ. ಒಂದು ದಿನ ಕೇಳಿದರು: "ಅದು ಏನ ಕೇಳಾಕತ್ತದ?"

"ನಾ ಯಾರು ಅಂತ ಕೇಳಾಕತ್ತದರಿ," ಎಂದೆ. ಸುಳ್ಳೇನಲ್ಲ. ಅಂಥ ಕಂಪ್ಯೂಟರ್ ಎದ್ದ ಕೂಡಲೇ ಕೇಬಲಿನೊಳಗೆ ಕೂಗಿ ತನ್ನ ಗುರುತು ಕೇಳುತ್ತದೆ. ಡಿಸ್ಕ್ ಇರುವ ನನ್ನ ಕಂಪ್ಯೂಟರ್, ಕೇಬಲ್ ಸಿಕ್ಕಿಸಿದ ಅದರ ಕಾರ್ಡಿನ ಸಂಖ್ಯೆ ನೋಡಿ ವಿಳಾಸ ಕೊಟ್ಟು, ಹೆಸರು ಹೇಳಿ, ಆಮೇಲೆ ಲಿನಕ್ಸನ್ನು ಕಳಿಸಿಕೊಡಬೇಕು.

ಅತ್ತೆ ಮೊರ ಕೆಳಗಿಟ್ಟರು. "ಹೆಸರ ಇಡೂದು ಯಾರು?"

"ನಾನರಿ. ಭೀಮಾ, ಸೀನಾ, ಬೋರಿ, ಹರಣಿ ಅಂತ ನದಿ ಹೆಸರ ಇಟ್ಟೀನಿ. ಇದು ಭೀಮಾ."

ಅವರು, "ಇದಕ್ಕ ಚಂಪಾ ಅಂತ ಇಡು," ಎಂದರು.

ಯಾರೋ ಗೆಳತಿ ಇರಬೇಕು, ಇಲ್ಲವೇ ತವರಿನ ಆಕಳು ಇರಬೇಕು ಎಂದುಕೊಂಡೆ. ಹೇಗೂ ಏಳದ ಕಂಪ್ಯೂಟರ್, ಹೆಸರು ಯಾವುದಾದರೇನು ಎಂದು ನನ್ನ ಕಂಪ್ಯೂಟರಿನಲ್ಲಿ ಅದರ ಹೆಸರು, ಸಂಖ್ಯೆ ಬರೆದಿಟ್ಟಿದ್ದ ಸಾಲನ್ನು ತೆರೆದೆ. ಭೀಮಾ ಅಳಿಸಿ ಚಂಪಾ ಬರೆದೆ. ಬರೆದದ್ದನ್ನು ಸರಿಯೇ ಎಂದು ನೋಡುವಾಗ ಪಕ್ಕದಲ್ಲಿದ್ದ ಕಾರ್ಡಿನ ಸಂಖ್ಯೆಯ ಮೇಲೆ ಕಣ್ಣು ಹೋಯಿತು. ಡಬ್ಬಿ ಬಿಚ್ಚಿ ಕಾರ್ಡಿನ ಮೇಲಿನ ಚೀಟಿಯನ್ನು ಬೆಳಕಿಗೆ ಹಿಡಿದೆ. ಅಂಥ ಸಂಖ್ಯೆಗಳಲ್ಲಿ ಅಕ್ಷರಗಳೂ ಇರುತ್ತವೆ; ಮಾಸಿದ ಇಂಗ್ಲಿಷ್ ಬಿ ಅಕ್ಷರವನ್ನು ನಾನು ಇಷ್ಟು ದಿನ ಎಂಟು ಎಂದು ಓದಿದ್ದೆ. ಇಂಥವಳು ಊರಿನ ಹೆಣ್ಣುಮಕ್ಕಳಿಗೆ ಕಲಿಸಲು ಹೊರಟವಳು!

ತಿದ್ದಿ ಗುಂಡಿ ಒತ್ತಿದೆ. ಒಂದು ಚುಕ್ಕೆ, ಎರಡು, ಆಮೇಲೆ ಬಿಳಿ ಅಕ್ಷರಗಳು ಸುರಿಮಳೆಯಂತೆ ಹರಿದು ಕೊನೆಗೆ ಒಂದು ಪದದ ಮುಂದೆ ನಿಂತವು.

"ಏನ ಬರದದ? ಓದು," ಎಂದರು ಅತ್ತೆ.

"ಚಂಪಾ ಅಂತ ಬರದದರಿ."

ಅವರು ಎದ್ದು ಬಂದು ಗಾಜಿನ ಮೇಲೆ, ಆ ಪದದ ಮೇಲೆಯೇ, ಬೆರಳಿಟ್ಟರು. "ನಾನ ಚಂಪಾ," ಎಂದರು. "ತವರಾಗ, ನಂದೇಶ್ವರದಾಗ, ನನಗ ಹಂಗ ಅಂತಿದ್ದರು. ಇಲ್ಲಿಗಿ ಬಂದ ಮ್ಯಾಲ ಯಾರೂ ಅಂದಿಲ್ಲ."

ನಮ್ಮ ಕಡೆ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ವಧುವಿಗೆ ಹೊಸ ಹೆಸರು ಬರೆಯುತ್ತಾರೆ; ತವರಿನ ಹೆಸರು ಅಲ್ಲಿಗೆ ಮುಗಿಯಿತು. ನನ್ನ ಮದುವೆಯಲ್ಲಿ ಆ ತಾಟು ಬಂದಾಗ, ಆಕಿಗಿ ಇದ್ದ ಹೆಸರ ಛಲೋ ಅದ ಎಂದು ಅತ್ತೆ ಅದನ್ನು ಪಕ್ಕಕ್ಕೆ ಸರಿಸಿದ್ದರು. ಅದೇನೂ ದೊಡ್ಡ ಮಾತೆಂದು ನನಗೆ ಆಗ ಅನ್ನಿಸಿರಲಿಲ್ಲ.

ಕ್ಲಾಸು ನಡೆಯಿತು. ಚಪಳಗಾಂವದಿಂದಲೂ ಹುಡುಗಿಯರು ಬಸ್ಸಿನಲ್ಲಿ ಬರತೊಡಗಿದರು. ಬಾಕಿ ಮೂರು ಕಂಪ್ಯೂಟರುಗಳು ಆಗಾಗ ಕೈ ಕೊಡುತ್ತಿದ್ದವು, ಚಂಪಾ ಮಾತ್ರ ಕೊಡುತ್ತಿರಲಿಲ್ಲ, ಅದಕ್ಕಾಗಿ ಜಗಳ. ಇವತ್ತು ಚಂಪಾ ನನಗೆ, ನಿನ್ನೆ ನೀನು ಚಂಪಾ ಹಿಡಿದಿದ್ದೆ, ಹೀಗೆ ಆ ಹೆಸರು ಮನೆಯ ತುಂಬ ಓಡಾಡಿತು. ಒಂದು ಬೆಳಿಗ್ಗೆ ಹುಡುಗಿಯೊಬ್ಬಳು ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಕೇಳಿದಳು: "ಚಂಪಾ ಎದ್ದಾಳೇನ?"

ಅಡಿಗೆಮನೆಯಿಂದ ಉತ್ತರ ಬಂತು: "ಎದ್ದೀನವ್ವ."

ಹುಡುಗಿಯರು ನಕ್ಕರು. ಜಗಲಿಯಲ್ಲಿ ಕೂತಿದ್ದ ಮಾವನವರು ನಗಲಿಲ್ಲ. ಅಡಿಗೆಮನೆಯ ಕಡೆಗೆ ತಿರುಗಿ ಬಹಳ ಹೊತ್ತು ಹಾಗೆಯೇ ಕೂತಿದ್ದರು. ಮುಂದೆ ರಾಶಿಯಾಗಿ ತೊಗರಿಯ ಗಾಡಿ ಬಂದಾಗ, ಚೀಲಗಳನ್ನು ಅಟ್ಟಕ್ಕೆ ಹೊರಿಸಿದರು.

ಕೆಲವು ವರ್ಷಗಳಲ್ಲಿ ಎಲ್ಲರ ಮನೆಗೂ ಡಿಸ್ಕ್ ಇದ್ದ ಕಂಪ್ಯೂಟರುಗಳು ಬಂದವು. ನನ್ನ ಕ್ಲಾಸು ಮುಚ್ಚಿತು. ಮಾವ ಹೋದರು, ಆಮೇಲೆ ಅತ್ತೆ ಹೋದರು. ನಾವು ಸೋಲಾಪುರಕ್ಕೆ ಬಂದೆವು. ಅತ್ತೆ ಹೋದದ್ದಕ್ಕಿಂತ, ಆ ಹೆಸರನ್ನು ಕೂಗುವ ನೆಪ ಇಲ್ಲದೆ ಹೋದದ್ದು ಎಷ್ಟೋ ಸಲ ನನ್ನನ್ನು ಹೆಚ್ಚು ಕಾಡಿದೆ. ಅವರು ಬದುಕಿದ್ದಾಗ ಸೊಸೆಯಾಗಿ ನಾನು ಹಾಗೆ ಕರೆಯುವಂತೆಯೂ ಇರಲಿಲ್ಲ.

ಬ್ಯಾಂಕಿನಿಂದ ಮನೆಗೆ ಬಂದವಳೇ ನಂದೇಶ್ವರಕ್ಕೆ ಫೋನು ಹಚ್ಚಿದೆ. ಅಲ್ಲಿ ಅತ್ತೆಯ ತಂಗಿ ಇದ್ದಾರೆ, ನಾವೆಲ್ಲ ಮಾವಶಿ ಎನ್ನುತ್ತೇವೆ. ಮದುವೆ ಮುಂಜಿಗಳಲ್ಲಿ ನಮಸ್ಕಾರ ಮಾಡಿದ್ದೇನೆಯೇ ಹೊರತು ಕೂತು ಮಾತಾಡಿದವಳಲ್ಲ. ಅವರಿಗೆ ಕಿವಿ ಮಂದ. ನನ್ನ ಹೆಸರು ಹೇಳಿದೆ, ಗಂಡನ ಹೆಸರು ಹೇಳಿದೆ, ಅಕ್ಕಲಕೋಟೆಯ ಮನೆತನ ಹೇಳಿದೆ. ಯಾರವಾ, ತಿಳೀವಲ್ದು ಎಂದೇ ಅನ್ನುತ್ತಿದ್ದರು.

"ಚಂಪಾನ ಸೊಸಿರಿ," ಎಂದೆ.

ಮಾವಶಿ, "ನಮ್ಮ ಚಂಪಕ್ಕನ ಸೊಸಿ ಏನ? ಮತ್ತ ಯಾವಾಗ ಬರ್ತಿ ಮನಿಗಿ?" ಎಂದು ಕೇಳಿದರು.

ನಾಳೆ ಮುಂಜಾನೆಯ ಬಸ್ಸಿಗೆ ಹೊರಟಿದ್ದೇನೆ.