ಲೇಹ್‌ನಲ್ಲಿ ಜೆರ್ಟ್ರೂಡಳ ಗಂಜಿ

ಕಾರ್ಕಳದ ಸುತ್ತಮುತ್ತ ಮೂವತ್ತು ವರ್ಷ ಮದುವೆ ಊಟಕ್ಕೆ ಸೌಟು ಆಡಿಸಿದವಳು ಜೆರ್ಟ್ರೂಡ್. ಅವಳ ಮಾತು ಕೇಳದ ಪಾತ್ರೆ ಇರಲಿಲ್ಲ. ಕುಕ್ಕರ್ ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. "ಅಕ್ಕಿ ಬೆಂದದ್ದು ನೋಡಲಿಕ್ಕೆ ಕಣ್ಣಿಲ್ಲದವರಿಗೆ ಅದು ಸೀಟಿ ಹೊಡೆದು ಹೇಳಬೇಕು" ಎನ್ನುತ್ತಿದ್ದಳು.

ಅರವತ್ತೊಂದಕ್ಕೆ ಕಾಲಿಟ್ಟ ವರ್ಷ ಒಬ್ಬಳೇ ಲೇಹ್‌ಗೆ ಹೊರಟಳು. ಅಲ್ಲಿಯ ನೀಲಿ ಸರೋವರ ನೋಡಬೇಕಿತ್ತು, ಅಷ್ಟೆ.

"ನಿನಗೆಂತ ಮರುಳಾ ಅಕ್ಕ? ಕಾಪುವಿನ ಕಡಲಲ್ಲಿ ನೀರಿಲ್ವಾ?" ಎಂದ ತಮ್ಮ ಲಿಯೋನೆಲ್. "ನಾಡಿದ್ದು ನಿನ್ನ ಪಾಲಿನ ಬಂಗುಡೆ ಮೀನು ತೆಗೆದಿಡ್ತೇನೆ. ಓಡಿ ಬರ್ತಿ, ನೋಡು."

"ತೆಗೆದಿಡು. ಬೆಕ್ಕು ತಿಂದೀತು."

ಬೆಳಿಗ್ಗೆ ಲೇಹ್‌ನಲ್ಲಿ ವಿಮಾನ ಇಳಿದು ಬಂದದ್ದೇ, ಉಳಿದುಕೊಳ್ಳುವ ಮನೆಯ ಯಜಮಾನಿ ಚುಸ್ಕಿತ್ ಅವಳ ಬೆರಳಿಗೆ ಒಂದು ಕ್ಲಿಪ್ ಸಿಕ್ಕಿಸಿದಳು. ರಕ್ತದಲ್ಲಿ ಆಮ್ಲಜನಕ ಎಪ್ಪತ್ತೆಂಟು.

"ಇಲ್ಲಿಯ ತೆಳುಗಾಳಿಗೆ ಮೈ ಒಗ್ಗಬೇಕು, ಇವತ್ತು ಮಲಗಿಯೇ ಇರಬೇಕು. ಮೆಟ್ಟಿಲು ಹತ್ತಿ ಇಳಿದು ಮಾಡಬಾರದು. ಸಂಜೆಗೆ ಎಂಬತ್ತೈದು ಆಗದಿದ್ದರೆ ನಾಳೆಯ ವಿಮಾನಕ್ಕೆ ವಾಪಸ್."

ಜೆರ್ಟ್ರೂಡಳಿಗೆ ಹರೆಯದಲ್ಲಿ ಮುಂಬಯಿಯ ಅಡುಗೆಮನೆಯಲ್ಲಿ ದುಡಿಯುವಾಗ ಕಲಿತ ಹಿಂದಿ ಉಂಟು, ಎಲ್ಲ ಅರ್ಥವಾಯಿತು. ಆದರೆ ಹೊಟ್ಟೆಗೆ ಗಂಜಿ ಬೀಳದೆ ಮೈ ಸುಧಾರಿಸುವುದು ಎಲ್ಲಿಂದ? ಚೀಲದಿಂದ ಕುಚ್ಚಲಕ್ಕಿ ತೆಗೆದಳು. ಊರಿನಿಂದ ಹೊತ್ತು ತಂದ ಪಾತ್ರೆಯನ್ನೂ ತೆಗೆದಳು. ಕೆಳಗಿನ ಅಡುಗೆಮನೆಯಲ್ಲಿ ಒಲೆಗಿಟ್ಟು ಮೇಲಿನ ಕೋಣೆಗೆ ಬಂದು ಮಲಗಿದಳು.

ಅರ್ಧ ಗಂಟೆ ಬಿಟ್ಟು ಇಳಿದು ನೋಡಿದರೆ ನೀರು ಕೊತಕೊತ ಕುದಿಯುತ್ತಿದೆ, ಅಕ್ಕಿ ಜಲ್ಲಿಕಲ್ಲು. ಹತ್ತಿದಳು, ಇಳಿದಳು. ಎರಡು ಗಂಟೆ ಕಳೆಯಿತು, ಆಗಲೂ ಜಲ್ಲಿಕಲ್ಲೇ. ಐದನೆಯ ಸಲ ಹತ್ತುವಾಗ ತಲೆ ಸಿಡಿಯಿತು, ಉಸಿರು ಕುಲುಮೆಯ ತಿದಿಯಂತೆ ಆಯಿತು. ಮೆಟ್ಟಿಲಲ್ಲೇ ಕುಸಿದು ಊರಿನ ಬಳಿಯ ಅತ್ತೂರು ಚರ್ಚಿನ ಸಂತರನ್ನು ತರಾಟೆಗೆ ತೆಗೆದುಕೊಂಡಳು.

"ಸಂತ ಲಾರೆನ್ಸರೇ, ನಿಮ್ಮನ್ನು ಕೆಂಡದ ಮೇಲಿಟ್ಟು ಸುಟ್ಟರಲ್ಲ, ಬೆಂಕಿಯ ವಿಷಯ ನಿಮಗೆ ಗೊತ್ತಿಲ್ವಾ? ಒಂದು ಪಾವು ಅಕ್ಕಿ ಬೇಯಿಸಲಿಕ್ಕೆ ಆಗ್ಲಿಲ್ವಾ ನಿಮಗೆ?"

ಸಂತರ ಬದಲು ಬಂದದ್ದು ಚುಸ್ಕಿತ್, ಕ್ಲಿಪ್ ಹಿಡಿದು. ಎಪ್ಪತ್ನಾಲ್ಕು.

"ಈ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಅಕ್ಕಿ ಬೇಯುವಷ್ಟು ಬಿಸಿ ಆಗುವುದಿಲ್ಲ. ಕುಕ್ಕರ್ ಬೇಕು."

"ಕುಕ್ಕರಾ? ನನ್ನ ಅಕ್ಕಿಗಾ?"

"ಕುಕ್ಕರ್, ಇಲ್ಲದಿದ್ದರೆ ವಿಮಾನ."

ಜೆರ್ಟ್ರೂಡಳ ಕಣ್ಣೆದುರು ಲಿಯೋನೆಲನ ಹಲ್ಲು ಕಿರಿದ ಮೋರೆ ಬಂತು, ಕೈಯಲ್ಲಿ ಬಂಗುಡೆ. ಗೋಡೆಯ ಕಡೆ ತಿರುಗಿ "ಹಾಕು" ಎಂದಳು.

ಎರಡು ರಜಾಯಿಯ ಅಡಿಯಲ್ಲಿ ಮಲಗಿದಳು. ಕೆಳಗಿನಿಂದ ಮೊದಲ ಸೀಟಿ ಬಂದಾಗ ಯಾರೋ ಬೀದಿಯಲ್ಲಿ ತನ್ನನ್ನೇ ಚುಡಾಯಿಸಿದ ಹಾಗಾಯಿತು. ಐದನೆಯದಕ್ಕೆ ಎದ್ದು ಹೋಗಿ ನೋಡಲು ಕಾಲು ತುಡಿಯಿತು, ಮಂಚದ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. ಹತ್ತನೆಯದಕ್ಕೆ ನಿದ್ದೆ ಬಂತು.

ಸಂಜೆ ಕ್ಲಿಪ್ಪಿನಲ್ಲಿ ಎಂಬತ್ತಾರು. ಬಟ್ಟಲಿನಲ್ಲಿ ಗಂಜಿ, ಅಗುಳೆಲ್ಲ ಅರಳಿತ್ತು. ಊರಿನಿಂದ ತಂದ ಒಣಸಿಗಡಿ ಚಟ್ನಿ ನಂಜಿಕೊಂಡು ಸುರ್ರೆಂದು ಕುಡಿದಳು.

"ಹೇಗಿದೆ?" ಎಂದಳು ಚುಸ್ಕಿತ್.

"ಸೀಟಿಯ ವಾಸನೆ ಬರ್ತದೆ" ಎಂದು ಬಟ್ಟಲು ಮತ್ತೆ ಚಾಚಿದಳು.

ಆಮೇಲೆ ಚುಸ್ಕಿತಳ ಫೋನಿನಿಂದ ತಮ್ಮನಿಗೆ ಕರೆ ಮಾಡಿದಳು. "ಬಂಗುಡೆ ನೀನೇ ತಿನ್ನು. ನಾನು ಬರುವುದಿಲ್ಲ."

"ಗಂಜಿಗೆ ಎಂತ ಮಾಡಿದಿ? ಅಲ್ಲಿ ಅಕ್ಕಿ ಬೇಯುವುದಿಲ್ಲವಂತಲ್ಲ."

"ನನ್ನ ಕೈಯಲ್ಲಿ ಬೇಯದ್ದು ಯಾವುದುಂಟು?"

ಕೆಳಗೆ ಚುಸ್ಕಿತ್ ರಾತ್ರಿಯ ಬೇಳೆಗಿಟ್ಟ ಕುಕ್ಕರ್ ಉದ್ದಕ್ಕೆ ಒಂದು ಸೀಟಿ ಹೊಡೆಯಿತು.

"ಅಕ್ಕ, ಅದೆಂತ ಸದ್ದು?"

"ವಿಮಾನ ಮಾರಾಯ," ಎಂದು ಜೆರ್ಟ್ರೂಡ್ ಫೋನ್ ಇಟ್ಟಳು.