ಬೇಸಗೆಯಲ್ಲಿ ಏರಿದ ನೀರು

ಇಪ್ಪತ್ತನಾಲ್ಕು ವರ್ಷ ತುಂಬುವವರೆಗೆ ನನ್ನನ್ನು ಯಾರೂ ದ್ವೇಷಿಸಿರಲಿಲ್ಲ. ದ್ವೇಷಿಸಿದ್ದರೂ ಮುಖಕ್ಕೆ ಹೇಳಿರಲಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಮೂರು ಮೈಲಿ ಒಳಗಿದ್ದ ಒಂದು ಹಳ್ಳಿಯಲ್ಲಿ ಎಂಟು ತಿಂಗಳು ಇದ್ದು ಆ ಕೊರತೆಯನ್ನು ತುಂಬಿಕೊಂಡೆ.

ಅದು ಯುದ್ಧದ ಕಾಲ. ಕಾಲೇಜಿನಲ್ಲಿ ಭೂವಿಜ್ಞಾನ ಓದಿ ಸರ್ಕಾರದ ಒಂದು ಇಲಾಖೆಯಲ್ಲಿ ಸಹಾಯಕನಾಗಿ ಸೇರಿದ್ದೆ. ನನ್ನ ಜೊತೆ ಸೇರಿದವರನ್ನೆಲ್ಲ ಅಭ್ರಕ, ಮ್ಯಾಂಗನೀಸು ಹುಡುಕಲು ಬೆಟ್ಟಗಳಿಗೆ ಕಳಿಸಿದರು. ನನ್ನನ್ನು ಬಾವಿ ಅಳೆಯಲು ಕಳಿಸಿದರು. ಮಂಡ್ಯದ ಸುತ್ತ ನಾಲೆ ನೀರು ಹರಿಯತೊಡಗಿ ಕೆಲವು ವರ್ಷಗಳಾಗಿದ್ದವು. ಭತ್ತ ಬಂತು, ಕಬ್ಬು ಬಂತು. ಜೊತೆಗೆ ಅಲ್ಲಲ್ಲಿ ಬಾವಿಗಳ ನೀರು ಮೇಲಕ್ಕೇರಿ, ಹೊಲಗಳು ಚೌಳು ಹತ್ತಿ, ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಕಟ್ಟತೊಡಗಿತು. ಇದು ಏಕೆ ಎಂದು ಸರ್ಕಾರಕ್ಕೆ ತಿಳಿಯಬೇಕಾಗಿತ್ತು. ಕನಿಷ್ಠ ಪಕ್ಷ ನಾನು ಹಾಗೆ ನಂಬಿದ್ದೆ.

ಕೆಲಸ ಸುಲಭದ್ದು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಯೊಳಕ್ಕೆ ಇಳಿಬಿಡುವುದು. ಮೇಲೆತ್ತಿದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಲ್ಲಿಗೆ ನೀರಿನ ಮಟ್ಟ. ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಒಂದು ಸೀಸೆಯಲ್ಲಿ ನೀರು ತುಂಬಿ, ಅರಗು ಹಾಕಿ ಬೆಂಗಳೂರಿಗೆ ಕಳಿಸುವುದು. ಹದಿನೈದು ದಿನಕ್ಕೊಮ್ಮೆ, ಇಪ್ಪತ್ತಾರು ಬಾವಿಗಳು. ಸೀಸೆಗಳನ್ನು ಹೊರಲು ಒಬ್ಬ ಜವಾನನಿದ್ದ. ಮಳವಳ್ಳಿ ಕಡೆಯವನು, ಐವತ್ತು ದಾಟಿದವನು. ಮೊದಲ ದಿನದಿಂದಲೇ ನನ್ನ ಮೇಲೆ ಅವನಿಗೆ ಅಸಮಾಧಾನ.

"ಬಾವಿಲಿ ನೀರದೆ ಅನ್ನೋದು ಇಡೀ ಊರ್ಗೇ ಗೊತ್ತು ಬುದ್ಧಿ. ಅದ್ನ ನೋಡಕ್ಕೆ ಇಬ್ರು ಯಾಕೆ?" ಎನ್ನುತ್ತಿದ್ದ.

ಊರಿನವರ ಲೆಕ್ಕಾಚಾರ ಬೇರೆಯಿತ್ತು. ಬಾವಿಗೆ ಕಂದಾಯ ಹಾಕಲು ಬಂದಿದ್ದಾನೆ ಎಂದರು. ಯುದ್ಧಕ್ಕೆ ಜಮೀನು ಕಿತ್ತುಕೊಳ್ಳಲು ಬಂದಿದ್ದಾನೆ ಎಂದರು. ನಾಲೆ ಬಂದ ಮೇಲೆ ಮನೆಮನೆಗೂ ಚಳಿಜ್ವರ ಹತ್ತಿತ್ತು. ಆ ಜ್ವರವನ್ನು ಸೀಸೆಯಲ್ಲಿ ತಂದು ಬಾವಿಗೆ ಸುರಿಯುವವನು ನಾನೇ ಎಂದೂ ಒಬ್ಬಳು ಹೇಳಿದಳಂತೆ. ನಾನು ಹೋದ ಕಡೆ ಹೆಂಗಸರು ಕೊಡ ಎತ್ತಿಕೊಂಡು ಸರಿದುಹೋಗುತ್ತಿದ್ದರು. ಗಂಡಸರು ಸರಿಯುತ್ತಿರಲಿಲ್ಲ, ದುರುಗುಟ್ಟಿ ನೋಡುತ್ತ ನಿಲ್ಲುತ್ತಿದ್ದರು.

ಹನ್ನೊಂದನೆಯ ಬಾವಿ ಒಬ್ಬ ವಿಧವೆಯದು. ಅರವತ್ತರ ಆಸುಪಾಸಿನ ಹೆಂಗಸು, ತೆಳ್ಳಗೆ, ಎತ್ತರಕ್ಕೆ ಇದ್ದಳು. ಗಂಡ ಸತ್ತ ಮೇಲೆ ಒಂದೂವರೆ ಎಕರೆ ಹೊಲವನ್ನು ತಾನೇ ಮಾಡಿಕೊಂಡಿದ್ದಳು. ಹೊಲದ ಮೂಲೆಯಲ್ಲಿ ಕಲ್ಲಿನ ಮೆಟ್ಟಿಲಿಳಿದು ಹೋಗುವ ಬಾವಿ. ಮೊದಲ ಸಲ ಟೇಪು ಇಳಿಬಿಟ್ಟಾಗ ಅವಳು ಕುಡುಗೋಲು ಹಿಡಿದುಕೊಂಡೇ ಬಂದಳು.

"ಏನ್ಲಾ ಅದು, ಆವು ಇಳಿಬುಟ್ಟಂಗೆ ಇಳಿಬುಡ್ತಿದ್ದೀಯಾ?"

ಅಲ್ಲಿಯವರೆಗೆ ನನ್ನನ್ನು ಯಾರೂ 'ಲಾ' ಎಂದು ಕರೆದಿರಲಿಲ್ಲ. "ಸರ್ಕಾರದ ಕೆಲಸ ಕಣಮ್ಮ. ನೀರು ಎಷ್ಟು ಮೇಲಕ್ಕೆ ಬಂದಿದೆ ಅಂತ ನೋಡ್ತೀನಿ" ಎಂದೆ.

"ನೋಡಕ್ಕೆ ಆ ಕಬ್ಣ ಯಾಕೆ? ಮೆಟ್ಲು ಎಣ್ಸು. ನಾನ್ ಮದ್ವೆಯಾಗಿ ಬಂದಾಗ ಇಪ್ಪತ್ತೆರಡು ಮೆಟ್ಲು ಇಳೀಬೇಕಾಗಿತ್ತು. ಈಗ ಆರಕ್ಕೇ ಕಾಲ್ ನೆನೀತದೆ. ಬರ್ಕೋ."

ನಾನು ಬರೆದುಕೊಳ್ಳಲಿಲ್ಲ. ಮೆಟ್ಟಿಲಿನ ಲೆಕ್ಕ ವಿಜ್ಞಾನವಲ್ಲ ಎಂಬ ಧಿಮಾಕು ಆಗ ನನಗಿತ್ತು. ಅವಳ ಹೊಲದ ಅರ್ಧ ಬೆಳ್ಳಗಾಗಿತ್ತು. ಕಾಲಿಟ್ಟರೆ ಮೇಲಿನ ಪದರ ಮುರಿದು ಕೆಳಗೆ ಜೌಗು. ಪೈರು ಮೊಳಕೆಯಲ್ಲೇ ಹಳದಿಯಾಗಿ ಮಲಗಿತ್ತು.

ಅವಳ ಹೊಲಕ್ಕಿಂತ ಎತ್ತರದಲ್ಲಿ ಪಟೇಲನ ಕಬ್ಬಿನ ಗದ್ದೆಗಳಿದ್ದವು. ನಾಲೆ ನೀರು ಸರದಿಯ ಮೇಲೆ ಬರುತ್ತಿತ್ತು. ಸರದಿಯಿಲ್ಲದ ದಿನಕ್ಕೆ ಇರಲಿ ಎಂದು ಪಟೇಲ ನಾಲೆಯ ಏರಿಯನ್ನು ಒಂದು ಕಡೆ ಕೊರೆಸಿ, ಗದ್ದೆಯ ತಲೆಯ ಹತ್ತಿರ ದೊಡ್ಡ ಹೊಂಡ ತೋಡಿಸಿದ್ದ. ಹಾಗೆ ಏರಿ ಕೊರೆಯುವುದು ಕಾನೂನಿಗೆ ವಿರುದ್ಧ. ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ನಾನಿದ್ದದ್ದು ಊರ ಚಾವಡಿಯ ಪಕ್ಕದ ಕೋಣೆಯಲ್ಲಿ, ಆ ಚಾವಡಿಯಲ್ಲಿ ಅಧಿಕಾರ ನಡೆಸುವವನು ಅದೇ ಪಟೇಲ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ನನ್ನ ಅಳತೆಗಳು ಮಾತಾಡತೊಡಗಿದವು. ಬಾವಿಗಳ ಮಟ್ಟವನ್ನು ನಕ್ಷೆಯ ಮೇಲೆ ಗುರುತಿಸಿದರೆ ನೆಲದಡಿಯ ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತಿದೆ ಎಂಬುದು ಕಾಣುತ್ತದೆ. ಎಲ್ಲ ಗೆರೆಗಳೂ ಪಟೇಲನ ಹೊಂಡದಿಂದ ಹೊರಟಿದ್ದವು. ಹೊಂಡದ ತಳ ಬರೀ ಗರಸು, ಜರಡಿಯ ಹಾಗೆ ನೀರು ಸೋರುತ್ತಿತ್ತು. ಸೋರಿದ ನೀರು ಇಳಿಜಾರಿನಲ್ಲಿ ಬಂದು ವಿಧವೆಯ ಹೊಲದ ಕೆಳಗಂಚಿನಲ್ಲಿ ನಿಂತುಬಿಡುತ್ತಿತ್ತು. ಅಲ್ಲಿ ಏನು ತಡೆಯುತ್ತಿದೆ ಎಂದು ನನಗೆ ತಿಳಿಯದೆ ಎರಡು ವಾರ ಒದ್ದಾಡಿದೆ. ಕೊನೆಗೆ ಅವಳನ್ನೇ ಕೇಳಿದೆ.

"ಅಲ್ಲಿ ಗುದ್ಲಿ ಇಕ್ಕಿದ್ರೆ ಕರಿಕಲ್ಲು ಸಿಕ್ತದೆ. ಆ ಕಡೆಯಿಂದ ಈ ಕಡೆಗಂಟ ಗೋಡೆ ಕಟ್ಟಿದಂಗೆ ಅದೆ" ಎಂದಳು. ಹೇಳಿ, "ಇದೂ ಗೊತ್ತಿಲ್ದೆ ಸಂಬ್ಳ ತಕ್ಕತೀಯಾ?" ಎಂದಳು.

ಅಗೆಸಿ ನೋಡಿದೆ. ನಾಲ್ಕಡಿ ಕೆಳಗೆ ಕರಿಕಲ್ಲಿನ ನೆಟ್ಟಗಿನ ಪಟ್ಟಿ, ಸುತ್ತಲಿನ ಕಲ್ಲನ್ನು ಸೀಳಿಕೊಂಡು ಬಂದದ್ದು. ಅದು ನೆಲದೊಳಗಿನ ಕಟ್ಟೆಯ ಹಾಗೆ ನೀರನ್ನು ತಡೆದು ಮೇಲಕ್ಕೆ ಒತ್ತುತ್ತಿತ್ತು. ಪರಿಹಾರವೂ ಅಲ್ಲೇ ಇತ್ತು. ಹೊಂಡ ಮುಚ್ಚಬೇಕು, ಕಲ್ಲಿನ ಪಟ್ಟಿಯನ್ನು ಸೀಳಿ ಒಂದು ಬಸಿಗಾಲುವೆ ತೆಗೆಯಬೇಕು. ಅಂದು ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಪುಸ್ತಕದಲ್ಲಿ ಓದಿದ್ದು ಮೊದಲ ಸಲ ನೆಲದಲ್ಲಿ ಕಂಡಿತ್ತು.

ನಾನು ಹೊಂಡದ ಸುತ್ತ ಟೇಪು ಹಿಡಿದು ಓಡಾಡಿದ್ದು ಪಟೇಲನಿಗೆ ತಿಳಿಯಿತು. ಮರುವಾರ ನನಗೆ ಊಟ ಹಾಕುತ್ತಿದ್ದ ಅರ್ಚಕರ ಮನೆಯಲ್ಲಿ, ಹೆಂಡತಿಗೆ ಮೈ ಸರಿಯಿಲ್ಲ, ಇನ್ನು ಬರಬೇಡಿ ಎಂದರು. ಹೇಳುವಾಗ ಆಕೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಕೋಣೆಯಲ್ಲೇ ಒಲೆ ಹೂಡಿಕೊಂಡೆ. ಊರಿನ ಅಂಗಡಿಯಲ್ಲಿ ನನಗೆ ಸೀಮೆಎಣ್ಣೆ ಮುಗಿದುಹೋಗಿತ್ತು, ನನ್ನ ಹಿಂದೆ ಬಂದವನಿಗೆ ಸಿಕ್ಕಿತು. ಒಂದು ಬೆಳಿಗ್ಗೆ ಹೊರಗೆ ಬಂದು ನೋಡಿದರೆ, ಜಗಲಿಯ ಮೇಲೆ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಇಟ್ಟಿದ್ದ ಇಪ್ಪತ್ತಾರು ಸೀಸೆಗಳಲ್ಲಿ ಒಂದೂ ಉಳಿದಿರಲಿಲ್ಲ. ಅರಗು ಬಿಚ್ಚಿ ನೀರು ಚೆಲ್ಲಿ, ಸೀಸೆಗಳನ್ನು ಒಡೆದುಹಾಕಿದ್ದರು.

"ನಾಯಿ ಬಂದಿರ್ಬೇಕು" ಎಂದ ಪಟೇಲ, ಚಾವಡಿಯ ಕಂಬಕ್ಕೆ ಒರಗಿಕೊಂಡು.

ಜವಾನ ಗಾಜು ಆರಿಸುತ್ತ ಮೆಲ್ಲಗೆ ಹೇಳಿದ: "ನಾಯಿಗೆ ಅರಗು ಬಿಚ್ಚಕ್ಕೆ ಬತ್ತದಾ ಬುದ್ಧಿ? ಅವ್ರ ಆಳುಗಳೇ. ನಾನ್ ಏಳ್ದೆ ಅಂತ ಮಾತ್ರ ಏಳ್ಬ್ಯಾಡಿ." ಮಾರನೆಯ ದಿನ ಮಗಳಿಗೆ ಹೆರಿಗೆ ಎಂದು ಹೇಳಿ ಊರಿಗೆ ಹೋದವನು ಮತ್ತೆ ಬರಲಿಲ್ಲ. ಮಿಕ್ಕ ತಿಂಗಳು ಸೀಸೆಗಳನ್ನು ನಾನೇ ಹೊತ್ತೆ.

ಯುಗಾದಿ ಕಳೆದ ಮೇಲೆ ವರದಿ ಬರೆದು ಮಂಡ್ಯದಲ್ಲಿ ಬಿಡಾರ ಮಾಡಿದ್ದ ನನ್ನ ಮೇಲಧಿಕಾರಿಗೆ ಕೊಟ್ಟೆ. ಅವರು ವಿದ್ವಾಂಸರು. ಕಲ್ಲಿನ ಒಂದು ಚೂರು ಕೊಟ್ಟರೆ ಅದರ ಹುಟ್ಟನ್ನು ಹೇಳಬಲ್ಲವರು. ಅವರಂತೆ ಆಗಬೇಕೆಂದು ನಾನು ಆಸೆಪಟ್ಟಿದ್ದೆ. ಅವರು ವರದಿಯನ್ನು ಪೂರ್ತಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಏನ್ರೀ ಇದು? ನಿಮಗೆ ಹೇಳಿದ್ದು ಅಳೀರಿ ಅಂತ. ಪಟೇಲನ ಮೇಲೆ ಚಾಡಿ ಬರೀರಿ ಅಂತ ಅಲ್ಲ."

"ಚಾಡಿ ಅಲ್ಲ ಸರ್. ನೆಲದಡಿಯ ನೀರು ಹೊಂಡದಿಂದಲೇ ಇಳಿದು ಬರ್ತಾ ಇದೆ."

"ನಾಲೆಯ ಏರಿ ಕೊರೆದಿದ್ದಾರೆ ಅಂದ್ರೆ ನಾಲೆ ನೋಡ್ಕೊಳೋರು ಕಣ್ಣು ಮುಚ್ಚಿಕೊಂಡಿದ್ದರು ಅಂತಾಯ್ತು. ಅವರು ನಮ್ಮ ಸರ್ಕಾರದೋರೇ ತಾನೆ? ಈ ಯುದ್ಧದ ಕಾಲದಲ್ಲಿ ಬೆಳೆ ಬೆಳೆಯೋನ ಮೇಲೆ ಕೇಸು ಹಾಕಿಸ್ತೀರಾ?" ಕನ್ನಡಕ ಮತ್ತೆ ಏರಿಸಿಕೊಂಡು, "ನಿಮ್ಮದು ಇನ್ನೂ ಖಾಯಂ ಆಗಿಲ್ಲ, ಅಲ್ವೆ?" ಎಂದರು.

ಅವರು ಪ್ರವಾಸ ಬಂದಾಗಲೆಲ್ಲ ಇಳಿದುಕೊಳ್ಳುತ್ತಿದ್ದದ್ದು ಪಟೇಲನ ಮನೆಯಲ್ಲೇ ಎಂಬುದು ನನಗೆ ಗೊತ್ತಿತ್ತು. ವರದಿಯನ್ನು ಅವರೇ ಕುಳಿತು ತಿದ್ದಿಸಿದರು. ಹೊಂಡದ ಪಕ್ಕದ ಎರಡು ಬಾವಿಗಳನ್ನು ಪಟ್ಟಿಯಿಂದ ತೆಗೆಸಿದರು. ನೀರು ಏರಲು ಹಿಂದಿನ ವರ್ಷದ ಹೆಚ್ಚಿನ ಮಳೆ ಕಾರಣ, ಚೌಳು ಆ ಮಣ್ಣಿನ ಸ್ವಾಭಾವಿಕ ಗುಣ ಎಂದು ಬರೆಸಿದರು. ನಾನು ಸಹಿ ಮಾಡಿದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಎರಡು ಕಡೆ ಸಹಿ ಬೇಕಿತ್ತು, ಎರಡು ಕಡೆಯೂ ಮಾಡಿದೆ.

ಇದರ ನಡುವೆ ವಿಧವೆ, ಹೊಂಡದ ನೀರು ತನ್ನ ಹೊಲ ಕೆಡಿಸುತ್ತಿದೆ ಎಂದು ಯಾರ ಕೈಯಲ್ಲೋ ಅರ್ಜಿ ಬರೆಸಿ ತಾಲ್ಲೂಕು ಕಚೇರಿಗೆ ಕೊಟ್ಟಿದ್ದಳು. ಮಳೆಗಾಲ ಶುರುವಾಗುವ ಮುಂಚೆ ಅಮಲ್ದಾರರು ವಿಚಾರಣೆಗೆ ಬಂದರು. ಚಾವಡಿ ತುಂಬಿತ್ತು. ನನ್ನ ಅಧಿಕಾರಿ ಕುರ್ಚಿಯಲ್ಲಿ, ನಾನು ಅವರ ಹಿಂದೆ. ಪಟೇಲ ಎಲ್ಲರಿಗೂ ಎಳನೀರು ಕೊಡಿಸುತ್ತಿದ್ದ. ಗುಮಾಸ್ತರೊಬ್ಬರು ಇಂಗ್ಲಿಷಿನ ವರದಿಯನ್ನು ಕನ್ನಡದಲ್ಲಿ ಹೇಳುತ್ತ ಹೋದರು. ಮಳೆಯ ಮಾತು ಬಂದಾಗ ಅವಳು ಎದ್ದು ನಿಂತಳು.

"ಸ್ವಾಮಿ, ಸಿವರಾತ್ರಿ ಕಳೆದ ಮ್ಯಾಲೆ ಯಾವ್ ಮಳೆ ಬಂತು?"

ಅಮಲ್ದಾರರು ತಲೆಯೆತ್ತಿದರು. "ಏನಮ್ಮ ನಿನ್ನ ಮಾತು?"

"ಸಂಕ್ರಾಂತಿಲಿ ನನ್ ಬಾವಿ ನೀರು ಆರ್ನೇ ಮೆಟ್ಲಲ್ಲಿತ್ತು. ಸಿವರಾತ್ರಿಗೆ ಐದು. ಯುಗಾದಿಗೆ ನಾಕು. ಈವಯ್ಯ ಬಂದು ದಾರ ಇಳಿಬುಟ್ಟಾಗ್ಲೆಲ್ಲ ನಾನೂ ಗೋಡೆ ಕಲ್ ಮ್ಯಾಲೆ ಕುಡ್ಗೋಲಲ್ಲಿ ಗೀರಿವ್ನಿ. ಬಂದು ನೋಡಿ. ಮುಗಿಲಲ್ಲಿ ಒಂದ್ ಅನಿ ಇಲ್ಲ, ಬಾವಿಲಿ ನೀರು ಏರ್ತದೆ. ಅದ್ಯಾವ್ ಮಳೆ ಸ್ವಾಮಿ, ನೆಲದೊಳಗಿಂದ ಬರೋದು?"

ಯಾರೋ ನಕ್ಕರು. ಅವಳು ನಗಲಿಲ್ಲ. ನನ್ನ ಕಡೆ ತಿರುಗಿದಳು.

"ನೀನೇ ಏಳ್ಲಾ. ಕಬ್ಣ ಇಳಿಬುಟ್ಟವ್ನು ನೀನು. ಬರ್ಕೊಂಡವ್ನು ನೀನು. ಕರಿಕಲ್ಲು ತೋರ್ಸ್ಕೊಂಡವ್ನೂ ನೀನೇ. ಬಾಯಲ್ ಮಣ್ ಇಟ್ಕೊಂಡಿದ್ದೀಯಾ?"

ಅಷ್ಟು ಜನರ ಮುಂದೆ ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಅದನ್ನು ಈಗಲೂ ನೆನೆದು ನಾಚುತ್ತೇನೆ. ಆ ಹೊಲ ಪೂರ್ತಿ ಮುಳುಗಿಹೋಗಲಿ ಎನ್ನಿಸಿತು. ಅಮಲ್ದಾರರು ನನ್ನನ್ನೇ ನೋಡುತ್ತ ಕೇಳಿದರು: "ಹೊಲದಲ್ಲಿ ಬರೆದುಕೊಂಡ ಮೂಲ ಪುಸ್ತಕ ಇದೆಯೇನ್ರೀ?"

"ಅದು ಬೆಂಗಳೂರಿಗೆ ಹೋಗಿದೆ" ಎಂದರು ನನ್ನ ಅಧಿಕಾರಿ, ನಾನು ಬಾಯಿ ತೆರೆಯುವ ಮೊದಲೇ.

ಪುಸ್ತಕ ನನ್ನ ಚೀಲದಲ್ಲಿತ್ತು. ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ನನ್ನನ್ನು ಎಬ್ಬಿಸಿದ್ದು ನ್ಯಾಯದ ಮೇಲಿನ ಪ್ರೀತಿ ಎಂದು ಹೇಳಿಕೊಳ್ಳುವ ಆಸೆಯಿದೆ, ಆದರೆ ಅದು ನಿಜವಲ್ಲ. ಎಂಟು ತಿಂಗಳು ಉರಿಬಿಸಿಲಿನಲ್ಲಿ ನಾನು ತೆಗೆದ ಅಳತೆಗಳನ್ನು ಒಬ್ಬ ಓದುಬಾರದ ಹೆಂಗಸು ಕುಡುಗೋಲಿನಲ್ಲಿ ಸರಿಯಾಗಿ ಗೀರಿಟ್ಟಿದ್ದಳು. ನನ್ನ ಹೆಸರಿನ ಕೆಳಗೆ ಇದ್ದದ್ದು ಸುಳ್ಳು. ಅವಳಿಗಿಂತ ಕೆಟ್ಟ ಭೂವಿಜ್ಞಾನಿಯಾಗಿ ಆ ಚಾವಡಿಯಿಂದ ಹೊರಗೆ ಹೋಗಲು ನನಗೆ ಆಗಲಿಲ್ಲ. ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ.

ಅಮಲ್ದಾರರು ಪುಸ್ತಕ ಹಿಡಿದು ಬಾವಿಗೆ ನಡೆದರು. ಊರೇ ಹಿಂದೆ ಹೋಯಿತು. ಗೋಡೆಯ ಕಲ್ಲಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೀರು, ತಿಳಿನೀರಿನೊಳಗೆ ಒಂದರ ಕೆಳಗೊಂದು ಹಳೆಯ ಗೀರುಗಳು ಕಾಣುತ್ತಿದ್ದವು. ಟೇಪು ಇಳಿಸಿ ಒಂದೊಂದನ್ನೂ ಓದಿ ಹೇಳಿದೆ, ಅವರು ಪುಸ್ತಕದಲ್ಲಿ ನೋಡಿಕೊಂಡರು. ಎಲ್ಲೂ ಎರಡು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ. ನನ್ನ ಅಧಿಕಾರಿ ಬಾವಿಯ ಹತ್ತಿರ ಬರಲಿಲ್ಲ.

ಆ ಮಳೆಗಾಲದಲ್ಲಿ ಹೊಂಡ ಮುಚ್ಚಿಸಿದರು. ಕರಿಕಲ್ಲನ್ನು ಸಿಡಿಸಿ ಬಸಿಗಾಲುವೆ ತೆಗೆದರಂತೆ. ಅದನ್ನು ನೋಡಲು ನಾನಿರಲಿಲ್ಲ. ಹದಿನೈದು ದಿನದೊಳಗೆ ನನ್ನನ್ನು ಇನ್ನೊಂದು ಜಿಲ್ಲೆಗೆ, ಕಲ್ಲಿನ ಮಾದರಿಗಳಿಗೆ ಚೀಟಿ ಅಂಟಿಸುವ ಉಗ್ರಾಣಕ್ಕೆ ವರ್ಗ ಮಾಡಿದರು. ಖಾಯಂ ಆಗಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ನನ್ನ ಅಧಿಕಾರಿಗೆ ಬಡ್ತಿಯಾಯಿತು. ನಾನು ಸಹಿ ಮಾಡಿದ ವರದಿಯನ್ನು ಇಲಾಖೆ ಹಾಗೆಯೇ ಅಚ್ಚು ಹಾಕಿಸಿತು. ಅಮಲ್ದಾರರ ಆದೇಶ ತಾಲ್ಲೂಕು ಕಚೇರಿಯ ಕಡತದಲ್ಲಿ ಉಳಿಯಿತು, ನನ್ನ ಸುಳ್ಳು ರಟ್ಟಿನ ಹೊದಿಕೆ ಹಾಕಿಕೊಂಡು ಗ್ರಂಥಾಲಯಗಳಿಗೆ ಹೋಯಿತು. ಅದನ್ನು ಓದಿ ಮೆಚ್ಚಿಕೊಂಡವರೂ ಇದ್ದಾರೆ.

ಸ್ವಾತಂತ್ರ್ಯ ಬಂದ ವರ್ಷ, ರಜೆಯಲ್ಲಿ ಮಂಡ್ಯಕ್ಕೆ ಹೋದವನು ಒಂದು ಮಧ್ಯಾಹ್ನ ಆ ಹೊಲಕ್ಕೂ ಹೋದೆ. ಅವಳು ರಾಗಿಯಲ್ಲಿ ಕಳೆ ಕೀಳುತ್ತಿದ್ದಳು. ಬದುವಿನ ಮೇಲೆ ನಿಂತ ನನ್ನನ್ನು ಗುರುತಿಸಲು ಅವಳಿಗೆ ಹೊತ್ತು ಬೇಕಾಗಲಿಲ್ಲ.

"ಏನಕ್ ಬಂದೆ?"

"ಹೊಲ ಹೇಗಾಗಿದೆ ಅಂತ ನೋಡೋಣ ಅನ್ನಿಸ್ತು."

"ನೋಡು. ಅರ್ಧ ಸರಿಯಾಗದೆ. ಅರ್ಧ ಇನ್ನೂ ಅಂಗೇ ಬೆಳ್ಳಗೆ ಬಿದ್ದದೆ."

"ಇನ್ನೆರಡು ಮಳೆಗಾಲ ಹೋದರೆ ಅದೂ ತೊಳೆದುಹೋಗುತ್ತೆ ಅಮ್ಮ. ಬಸಿಗಾಲುವೆ ಮುಚ್ಚದ ಹಾಗೆ ನೋಡ್ಕೋಬೇಕು. ಬೇಕಾದರೆ ಕಚೇರಿಗೆ ತೋರಿಸೋಕೆ ಒಂದು ಕಾಗದ ಬರೆದುಕೊಡ್ತೀನಿ."

ಅವಳು ಕಿತ್ತ ಕಳೆಯನ್ನು ಬದುವಿನ ಕಡೆಗೆ ಎಸೆದಳು. ಮಣ್ಣು ನನ್ನ ಪಂಚೆಯ ಮೇಲೆ ಬಿತ್ತು. ಬೇಕೆಂದೇ ಎಸೆದಳೋ ಇಲ್ಲವೋ ಹೇಳಲಾರೆ.

"ನೀನ್ ಬರ್ಯೋದು ಬ್ಯಾಡ ಕಣಪ್ಪ. ಅದೊಂದ್ ಬುಟ್ಟು ಬ್ಯಾರೆ ಏನಾರ ಮಾಡು" ಎಂದು ಮುಂದಿನ ಸಾಲಿಗೆ ಸರಿದಳು.

ಅವಳು ಮತ್ತೆ ತಲೆ ಎತ್ತಲಿಲ್ಲ. ಬಸಿಗಾಲುವೆಯಲ್ಲಿ ಎರಡು ಕಡೆ ಹುಲ್ಲು ಕಟ್ಟಿಕೊಂಡು ನೀರು ನಿಂತಿತ್ತು. ಇಳಿದು ಕೈಯಲ್ಲೇ ಕಿತ್ತು ಹಾಕಿ, ನೀರು ಹರಿದದ್ದನ್ನು ನೋಡಿಕೊಂಡು ರಸ್ತೆಗೆ ಬಂದೆ.