ಹೊಸ್ತಿಲಿಗೆ ಹಚ್ಚಿದ ಎಣ್ಣೆ

ಕೊಬ್ಬರಿ ಎಣ್ಣೆಯ ವಾಸನೆಗೆ ಹೆದರುವ ಗಂಡಸನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಇವತ್ತು ಬೆಳಗ್ಗೆ, ಚಳಿಗೆ ಗಟ್ಟಿಯಾಗಿದ್ದ ಎಣ್ಣೆಯ ಬಾಟಲಿಯನ್ನು ನನ್ನ ಹೆಂಡತಿ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದ್ದಳು. ಎಣ್ಣೆ ಕರಗಿ ಅದರ ವಾಸನೆ ಅಡುಗೆಮನೆ ದಾಟಿ ನಾನು ಕೂತಿದ್ದ ಕಡೆಗೆ ಬಂತು. ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಲೋಟ ಕೆಳಗಿಟ್ಟೆ. ಹೆಂಡತಿ ನೋಡಿದಳು. ಅವಳಿಗೆ ಗೊತ್ತು.

ಬೇರೆ ದಿನವಾಗಿದ್ದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಇವತ್ತು ಹಾಗಾಗುವಂತಿರಲಿಲ್ಲ, ಶ್ರೀರಂಗಪಟ್ಟಣದ ಒಂದು ಮನೆಗೆ ಹೋಗಬೇಕಿತ್ತು. ನಾನು ಮರಗೆಲಸದವನು, ಪಾಂಡವಪುರದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಹೋದ ವರ್ಷ ಆ ಮನೆಗೆ ಬಾಗಿಲು, ಕಿಟಕಿ ಮಾಡಿಕೊಟ್ಟಿದ್ದೆ. ಮನೆಯಾಕೆ ಸಾವಿತ್ರಕ್ಕ ಮೊನ್ನೆ ಫೋನು ಮಾಡಿದ್ದರು. ಅವರ ಯಜಮಾನರ ಕಿಡ್ನಿ ಕೈಕೊಟ್ಟಿದೆಯಂತೆ. "ನೀವು ಪ್ರಾರ್ಥನೆ ಮಾಡೋರಂತೆ. ಬಂದು ನಿಮ್ ದೇವ್ರಿಗೊಂದ್ ಮಾತು ಯೋಳಿ ಆಚಾರ್ರೆ" ಎಂದಿದ್ದರು. ನನ್ನ ವಿಷಯ ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ.

ನಾವು ಕ್ರೈಸ್ತರು. ನಂಬಿದ್ದನ್ನು ನಾಲ್ಕು ಜನರೊಂದಿಗೆ ಹಂಚಿಕೊಳ್ಳಬೇಕು ಎಂದು ಪ್ರತಿ ಭಾನುವಾರ ಕೇಳಿಸಿಕೊಂಡು, ತಲೆಯಾಡಿಸಿ, ಮನೆಗೆ ಬಂದು ಊಟ ಮಾಡಿ ಮಲಗುವವರು. ಇನ್ನೊಬ್ಬರ ಮನೆಯಲ್ಲಿ ಕಣ್ಣು ಮುಚ್ಚಿ ನಿಂತವನನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದು, ಅದರ ಕೆಳಗೆ 'ಮತಾಂತರ' ಎಂದು ಬರೆದು ಊರಿಗೆಲ್ಲ ಕಳಿಸಿಬಿಟ್ಟರೆ ಮರುದಿನ ಅವನ ಅಂಗಡಿಗೆ ಯಾರು ಬರುತ್ತಾರೆ? ಗಿರಾಕಿಗಳು ಬರದಿದ್ದರೆ ಹೋಗಲಿ, ಬೇರೆಯವರು ಬಂದರೆ? ಆ ಯೋಚನೆಯಲ್ಲಿ ಮೊನ್ನೆಯಿಂದ ನನಗೆ ಸರಿಯಾಗಿ ಅನ್ನ ಇಳಿದಿರಲಿಲ್ಲ.

"ಬರಾಕಾಗಲ್ಲ ಅಂತ ಯೋಳ್ಬುಡಿ. ಕಾಲ ಸರಿಯಿಲ್ಲ. ಇಲ್ಲೇ ಕೂತ್ಕಂಡ್ ಪ್ರಾರ್ಥನೆ ಮಾಡಿ, ದೇವ್ರಿಗೆ ಇಲ್ಲಿಂದ ಕೇಳ್ಸಲ್ವಾ?" ಎಂದಳು ಹೆಂಡತಿ.

ದೇವರಿಗೆ ಕೇಳಿಸುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅಕ್ಕಪಕ್ಕದವರಿಗೆ ಕೇಳಿಸುವುದರಲ್ಲೇ ಇರುವುದು ತೊಂದರೆ. ಈ ತೊಂದರೆಯನ್ನು ನಾನು ಮೊದಲು ನೋಡಿದ್ದು ನನ್ನ ಅಪ್ಪನಲ್ಲಿ. ಅವರ ವಿಷಯ ಹೇಳದೆ ಎಣ್ಣೆಯ ವಿಷಯ ಅರ್ಥವಾಗುವುದಿಲ್ಲ, ಸ್ವಲ್ಪ ತಾಳ್ಮೆಯಿಂದ ಕೇಳಿ.

ಅಪ್ಪ ಬಿಂಡಿಗನವಿಲೆಯ ಆಚಾರಿ. ನಾಗಮಂಗಲದಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರಕ್ಕೆ ಬೆಂಚು ಮಾಡಿಕೊಡಲು ಹೋದವರು, ಬೆಂಚು ಅಲ್ಲಾಡುತ್ತದೇನೋ ನೋಡೋಣ ಎಂದು ಒಂದು ಭಾನುವಾರ ಅದರ ಮೇಲೆ ಕುಳಿತರು. ಬೆಂಚು ಅಲ್ಲಾಡಲಿಲ್ಲ. ಅಪ್ಪ ಏಳಲೂ ಇಲ್ಲ. ಮುಂದಿನ ಭಾನುವಾರ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೋಗಿ ಅದೇ ಬೆಂಚಿನ ಮೇಲೆ ಕೂರಿಸಿದರು. ಯೇಸು ಬಡಗಿಯ ಮನೆಯಲ್ಲಿ ಬೆಳೆದವನು ಎಂದು ಅಲ್ಲಿ ಯಾರೋ ಹೇಳಿದ್ದೇ ತಡ, ಅಪ್ಪನಿಗೆ ಕಳೆದುಹೋಗಿದ್ದ ನೆಂಟನೊಬ್ಬ ಸಿಕ್ಕಷ್ಟು ಸಂತೋಷವಾಗಿತ್ತು.

ಆಮೇಲೆ ನಾಗಮಂಗಲದ ಬಸ್ಸಿನಲ್ಲಿ ಅವರ ಪಕ್ಕ ಕುಳಿತವರ ಪಾಡು ನಾನು ಹೇಳಬೇಕಾಗಿಲ್ಲ. ಟಿಕೆಟ್ ತೆಗೆದುಕೊಳ್ಳುವ ಮುಂಚೆಯೇ ಮಾತು ಶುರುವಾಗಿರುತ್ತಿತ್ತು. "ನಮ್ ಸ್ವಾಮೀನೂ ಆಚಾರೀನೆ ಕಣಣ್ಣ. ಮರ ಕೆತ್ತಿದ್ ಕೈ ಅದು." ಕೆಲವರು ನಗುತ್ತಿದ್ದರು, ಕೆಲವರು ಕುರಿಗಳನ್ನು ನೋಡುವ ನೆವದಲ್ಲಿ ಕಿಟಕಿಯ ಕಡೆ ತಿರುಗುತ್ತಿದ್ದರು. ಆ ಕುರಿಗಳನ್ನು ಎಲ್ಲರಿಗಿಂತ ಹೆಚ್ಚು ನೋಡಿದವನು ನಾನು. ಬಸ್ಸಿಳಿದ ಮೇಲೆ ನಾನು ಗೊಣಗಿದರೆ, "ಎದ್ರಿಕೊಂಡ್ರೆ ಏನ್ ಬಂತ್ಲಾ? ನಾನೇನ್ ಕದ್ದ ಮಾಲ್ ಮಾರ್ತಾ ಇದ್ದೀನಾ?" ಎನ್ನುತ್ತಿದ್ದರು. ನಾನು ಆಗಲೇ ಅವರ ಜೊತೆ ಕೆಲಸಕ್ಕೆ ನಿಂತಿದ್ದ ಮೀಸೆ ಬಂದ ಗಂಡಸು, ಆದರೂ ಅವರಷ್ಟು ಧೈರ್ಯ ನನ್ನ ಹತ್ತಿರ ಇರಲಿಲ್ಲ.

ಕೆಲಸದಲ್ಲಿ ಮಾತ್ರ ಅವರಿಗೊಂದು ಇಕ್ಕಟ್ಟಿತ್ತು. ನಮ್ಮ ಕಡೆ ಹೊಸ ಮನೆಗೆ ಮುಂಬಾಗಿಲಿನ ಚೌಕಟ್ಟು ನಿಲ್ಲಿಸುವಾಗ ಪೂಜೆ ಮಾಡುವವನು ಆಚಾರಿಯೇ. ಅರಿಶಿನದ ಬಟ್ಟೆಯಲ್ಲಿ ನವಧಾನ್ಯ ಕಟ್ಟಿ, ಕುಂಕುಮವಿಟ್ಟು, ಕಾಯಿ ಒಡೆಯುವುದು ಅವನ ಹಕ್ಕು. ಅಪ್ಪ ತಾನು ಅದನ್ನು ಮಾಡುವುದಿಲ್ಲ ಎಂದರು. ಆದರೆ ಆಚಾರಿಯ ಕೈಯಿಂದ ಪೂಜೆಯಾಗದ ಬಾಗಿಲಿನೊಳಗೆ ಯಾರು ತಾನೇ ಸಂಸಾರ ಹೂಡುತ್ತಾರೆ? ಕೊನೆಗೆ ಒಂದು ಏರ್ಪಾಡು ಮಾಡಿಕೊಂಡರು. ಕೆತ್ತುವುದು ಅಪ್ಪ, ಪೂಜೆಗೆ ಚಿಕ್ಕಪ್ಪ. ಚಿಕ್ಕಪ್ಪ ಹಳೆಯ ದೇವರನ್ನು ಬಿಟ್ಟವರಲ್ಲ, ಒಡೆದ ಕಾಯಿಯನ್ನು ಬಿಟ್ಟವರೂ ಅಲ್ಲ. ಪೂಜೆಯ ಹೊತ್ತಿಗೆ ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ತಲೆತಗ್ಗಿಸಿ ಪಕ್ಕದಲ್ಲಿ ನಿಲ್ಲುತ್ತಿದ್ದರು. ಊರಿನವರು ಮೊದಮೊದಲು ಆಡಿಕೊಂಡರು, ಆಮೇಲೆ ಅಭ್ಯಾಸವಾಯಿತು.

ಆದರೆ ಅಪ್ಪನಿಗೆ ಅಷ್ಟು ಸಾಲುತ್ತಿರಲಿಲ್ಲ. ತಾನು ಮಾಡಿದ ಬಾಗಿಲಿಗೆ ತನ್ನ ದೇವರ ಕಡೆಯಿಂದಲೂ ಒಂದು ಒಳ್ಳೆಯ ಮಾತು ಬೇಡವೇ ಎಂದು ಅವರ ಆಸೆ. ಪ್ರಾರ್ಥನಾ ಮಂದಿರದಲ್ಲಿ ಪಾಸ್ಟರು ಪ್ರಾರ್ಥನೆ ಮಾಡಿ ಒಂದು ಪುಟ್ಟ ಬಾಟಲಿಯಲ್ಲಿ ಎಣ್ಣೆ ಕೊಟ್ಟಿರುತ್ತಿದ್ದರು. ಅಂಗಡಿಯಲ್ಲಿ ಸಿಗುವ ಕೊಬ್ಬರಿ ಎಣ್ಣೆಯೇ. ಕಾಯಿಲೆಯವರ ಹಣೆಗೆ, ಹೊಸ ಮನೆಯ ಬಾಗಿಲಿಗೆ ಒಂದು ಬೊಟ್ಟು ಹಚ್ಚಿ ಪ್ರಾರ್ಥಿಸುವುದು ನಮ್ಮವರ ವಾಡಿಕೆ. ಆ ಬಾಟಲಿ ಅಪ್ಪನ ಚೀಲದಲ್ಲಿ ಉಳಿ, ಕೀಸುಳಿಗಳ ನಡುವೆ ಇರುತ್ತಿತ್ತು. ಕೆಲಸ ಮುಗಿದು ಎಲ್ಲರೂ ಆಚೆ ಹೋದ ಮೇಲೆ ಬೆರಳಿಗೆ ಎಣ್ಣೆ ಮಾಡಿಕೊಂಡು ಚೌಕಟ್ಟಿನ ಮೇಲೊಂದು, ಹೊಸ್ತಿಲಿಗೊಂದು ಬೊಟ್ಟು ಹಚ್ಚಿ, ಕಣ್ಣು ಮುಚ್ಚಿ ಗುನುಗುನು ಎನ್ನುತ್ತಿದ್ದರು. ಬಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದ ಮನುಷ್ಯ ಗಿರಾಕಿಯ ಮನೆಯಲ್ಲಿ ಮಾತ್ರ ದನಿ ತಗ್ಗಿಸುತ್ತಿದ್ದರು. ಬಸ್ಸಿನವರು ಅನ್ನ ಹಾಕುತ್ತಿರಲಿಲ್ಲವಲ್ಲ.

ಯಾರೂ ನೋಡದ ಹೊತ್ತಿನಲ್ಲಿ ಹೊಸ್ತಿಲಿಗೆ ಎಣ್ಣೆ ಬಳಿದು, ಕಣ್ಣು ಮುಚ್ಚಿ, ತುಟಿ ಕುಣಿಸುವ ಆಚಾರಿಯನ್ನು ನೋಡಿದವರಿಗೆ ಏನನ್ನಿಸಬಹುದು? ಅದು ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದ ಬೋರೇಗೌಡರ ಮನೆಯಲ್ಲಿ ಅದನ್ನು ಅವರ ತಾಯಿ ನೋಡಿಬಿಟ್ಟಿದ್ದರು. ಗೃಹಪ್ರವೇಶದ ಹಿಂದಿನ ದಿನ ನಾವು ಬಾಗಿಲು ಕೂರಿಸಿ ಮುಗಿಸಿದ್ದೆವು. ನಾನು ಚೌಕಟ್ಟಿಗೆ ಒರಗಿ ನಿಂತಿದ್ದೆ, ಅಪ್ಪ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಿದ್ದರು. ಒಳಕೋಣೆಯ ಕತ್ತಲಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ ಅಜ್ಜಿ ನಮ್ಮಿಬ್ಬರಿಗೂ ಕಾಣಿಸಿರಲಿಲ್ಲ. ಗೃಹಪ್ರವೇಶ ಚೆನ್ನಾಗಿಯೇ ನಡೆಯಿತು. ಅದಾಗಿ ಕೆಲವು ದಿನಕ್ಕೆ ಅಜ್ಜಿ ಅದೇ ಹೊಸ್ತಿಲನ್ನು ಎಡವಿ ಬಿದ್ದು ಕಾಲು ಮುರಿದುಕೊಂಡರು. ಬಿದ್ದ ಮೇಲೆ ತಾವು ನೋಡಿದ್ದನ್ನು ಮಗನಿಗೆ ಹೇಳಿದರು.

"ಗೌಡ್ರು ಬರಕ್ಕೇಳವ್ರೆ" ಎಂದು ಫೋನು ಬಂತು. ಮಾಟದ ಮಾತು ಊರೆಲ್ಲ ಹಬ್ಬಿದೆ ಎಂಬುದೂ ಅದೇ ಫೋನಿನಲ್ಲಿ ತಿಳಿಯಿತು. ಅಮ್ಮ ಹೋಗಬೇಡಿ ಎಂದು ಅತ್ತಳು. ಹೋಗದಿದ್ದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಅಪ್ಪ ಹೊರಟರು, ನಾನೂ ಹೊರಟೆ. ನಾಗಮಂಗಲಕ್ಕೆ ಒಂದು ಬಸ್ಸು, ಅಲ್ಲಿಂದ ಕೆ.ಆರ್. ಪೇಟೆಗೆ ಇನ್ನೊಂದು. ಅಪ್ಪನ ಪಕ್ಕ ಒಬ್ಬ ಮುದುಕರು ಬಂದು ಕುಳಿತು, ತಾವಾಗಿಯೇ "ಎಲ್ಲೀಗಂಟ?" ಎಂದು ಕೇಳಿದರು. ಅಪ್ಪ ಕಿಟಕಿಯ ಕಡೆ ತಿರುಗಿದರು. ಅಪ್ಪ ಬಸ್ಸಿನಲ್ಲಿ ಸುಮ್ಮನಿದ್ದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.  

ಗೌಡರ ಜಗುಲಿಯ ಮೇಲೆ ಅಜ್ಜಿ ಮಂಚದಲ್ಲಿ ಮಲಗಿದ್ದರು, ಕಾಲಿಗೆ ಪ್ಲಾಸ್ಟರು. ಅಂಗಳದಲ್ಲಿ ಹತ್ತಾರು ಗಂಡಸರು. ಅವರಲ್ಲೊಬ್ಬ ಆಗಲೇ ಮೊಬೈಲು ಎತ್ತಿ ಹಿಡಿದಿದ್ದ. ಕೂರಿ ಎಂದು ಯಾರೂ ಹೇಳಲಿಲ್ಲ.

"ಏನಾಚಾರಿ, ನಮ್ ಒಸ್ಲಿಗೆ ಏನ್ ಬಳ್ದೆ? ಏನ್ ಮಂತ್ರ ಆಕ್ದೆ?" ಎಂದರು ಗೌಡರು.

"ಮಾಟನೋ ಮತಾಂತರನೋ, ಎಲ್ಡ್ರಲ್ಲಿ ಒಂದ್ ಇದ್ದೇ ಇರ್ತದೆ ಬುಡಿ ಗೌಡ್ರೆ" ಎಂದ ಮೊಬೈಲಿನವನು.

  ಕಂಡಕಂಡವರಿಗೆಲ್ಲ ತನ್ನ ದೇವರ ವಿಷಯ ಹೇಳುತ್ತಿದ್ದ ಮನುಷ್ಯ, ಜನ ತಾವಾಗಿ ಕೇಳಿದ ದಿನ ಮೂಕರಾಗಿ ನಿಂತರು. ಜನ ಒಂದು ಹೆಜ್ಜೆ ಹತ್ತಿರ ಬಂದರು. ಈಗ ಅಪ್ಪನನ್ನು ಹೊಡೆದುಬಿಡುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಮುಂದೆ ಆದದ್ದನ್ನು ಧೈರ್ಯ ಎಂದು ದಯವಿಟ್ಟು ತಿಳಿಯಬೇಡಿ. ಬರೀ ಗಾಬರಿಯಿಂದ ನನ್ನ ಬಾಯಿ ತಾನಾಗಿ ಬಿಚ್ಚಿಕೊಂಡು, ಅವತ್ತು ಚೌಕಟ್ಟಿಗೆ ಒರಗಿ ನಿಂತಾಗ ಕಿವಿಗೆ ಬಿದ್ದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಿತು.

"ಮಂತ್ರ ಅಲ್ಲ ಗೌಡ್ರೆ. ಯೇಸಪ್ಪಾ, ಈ ಬಾಗ್ಲಲ್ಲಿ ಓಗೋರು ಬರೋರು ತಣ್ಣಗಿರ್ಲಿ ಅಂದ್ರು. ಗೌಡ್ರ ಮಗ್ಳಿಗೆ ಸಲೀಸಾಗಿ ಎರಿಗೆ ಆಗ್ಲಿ ಅಂದ್ರು. ಸ್ವಾಮಿ, ನಾನು ನೆಲದ ಅಳತೆ ತಪ್ಪಿ ಒಸ್ಲನ್ನ ಅರ್ಧ ಅಂಗುಲ ಎತ್ರ ಇಟ್ಬುಟ್ಟಿದ್ದೀನಿ, ಅಜ್ಜಮ್ಮ ಎಡವದಂಗೆ ನೀನೇ ನೋಡ್ಕಪ್ಪ ಅಂದ್ರು. ಅಷ್ಟೇ. ದೇವ್ರಾಣೆ ಅಷ್ಟೇ."

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆ ಎಂದು ನನಗೆ ಗೊತ್ತಾಯಿತು. ಮಾಟದಿಂದ ಅಪ್ಪನನ್ನು ಬಿಡಿಸಲು ಹೋಗಿ ಕೆಲಸದ ತಪ್ಪಿಗೆ ಸಿಕ್ಕಿಸಿದ್ದೆ.  ಗೌಡರು ಹೊಸ್ತಿಲನ್ನು ನೋಡಿದರು, ಎಲ್ಲರೂ ಹೊಸ್ತಿಲನ್ನು ನೋಡಿದರು. ಮಾತಾಡಿದ್ದು ಮಂಚದ ಮೇಲಿದ್ದ ಅಜ್ಜಿ.

"ದೇವ್ರಿಗ್ ಯೋಳ್ದಂತೆ! ಒಸ್ಲು ದಾಟೋಳು ನಾನ್ ಕಣಪ್ಪ, ನಿನ್ ದೇವ್ರಾ? ನಂಗೊಂದ್ ಮಾತ್ ಯೋಳಕ್ಕೇನಾಗಿತ್ತು ನಿಂಗೆ? ನೋಡ್ಕಂಡ್ ಕಾಲೆತ್ತಿ ಆಕ್ತಿರ್ಲಿಲ್ವಾ ನಾನು?"

ಆಗ ಅಪ್ಪನಿಗೆ ದನಿ ಬಂತು. "ಎದ್ರಿಕೆ ಆಯ್ತು ಕಣವ್ವ" ಎಂದರು.

"ಯಾರ್ ಕಂಡ್ರೆ?"

"ನಿಮ್ಮನ್ನ ಕಂಡ್ರೇನೆ."

"ನಿನ್ ಕಂಡು ನಮ್ಗೆ ಎದ್ರಿಕೆ, ನಮ್ನ್ ಕಂಡು ನಿಂಗೆ ಎದ್ರಿಕೆ. ಕಾಲ್ ಮುರಿದಿದ್ದು ಮಾತ್ರ ನಂದು" ಎಂದು ಅಜ್ಜಿ ಮುಖ ತಿರುಗಿಸಿಕೊಂಡರು.

ಅಪ್ಪ ಅಲ್ಲೇ ಮಂಡಿಯೂರಿ, ಅಷ್ಟು ಜನರ ಎದುರಿಗೆ ಹೊಸ್ತಿಲನ್ನು ಅರ್ಧ ಅಂಗುಲ ಕೆತ್ತಿ ಇಳಿಸಿದರು. ಬಾಗಿಲಿನ ಕೆಳಗೆ ಬಿದ್ದ ಸಂದಿಗೆ ಒಂದು ಪಟ್ಟಿ ಹೊಡೆದರು. ಮೊಬೈಲಿನವನು ಸ್ವಲ್ಪ ಹೊತ್ತು ಅದನ್ನೂ ಹಿಡಿದು, ಬೇಸರವಾಗಿ ಜೇಬಿಗೆ ಹಾಕಿಕೊಂಡ. ಆ ಮನೆಯವರು ಮತ್ತೆಂದೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ, ಆ ಊರಿನವರೂ ಕರೆಯಲಿಲ್ಲ. ಅಪ್ಪ ಮನೆಗೆ ಬಂದು ಎಣ್ಣೆಯ ಬಾಟಲಿಯನ್ನು ಅಮ್ಮನ ಕೈಗೆ ಕೊಟ್ಟು, "ತಲೆಗ್ ಹಾಕ್ಕೊ" ಎಂದರು. ತೀರಿಕೊಳ್ಳುವ ತನಕ ಅವರು ಬಸ್ಸಿನಲ್ಲಿ ಮಾತು ಬಿಡಲಿಲ್ಲ. ಆದರೆ ಗಿರಾಕಿಯ ಮನೆಯಲ್ಲಿ ಒಬ್ಬರೇ ನಿಂತು ಪ್ರಾರ್ಥಿಸುವುದನ್ನು ಬಿಟ್ಟುಬಿಟ್ಟರು.

ನನಗೆ ಆ ದಿನದಿಂದ ಉಳಿದದ್ದು ಬರೀ ಹೆದರಿಕೆ. ಅಂಗಡಿಯಲ್ಲಿ ಶಿಲುಬೆಯ ಚಿತ್ರವಿರುವ ಕ್ಯಾಲೆಂಡರು ಪ್ಲೈವುಡ್ ಹಾಳೆಗಳ ಹಿಂದೆ ಇದೆ, ತಾರೀಖು ನೋಡಬೇಕೆಂದರೆ ನಾನೇ ಹಾಳೆ ಸರಿಸಬೇಕು. ಪೂಜೆಗೆ ಬೇರೆ ಆಚಾರಿಯನ್ನು ಕರೆಸಿ ಎಂದು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಎಂದು ಕೇಳಿದರೆ ಸೊಂಟ ನೋವು ಎನ್ನುತ್ತೇನೆ. ಎಷ್ಟು ಬಾಗಿಲಿಗೆ ಆ ಸೊಂಟ ನೋವು ಬಂದಿದೆಯೋ ದೇವರಿಗೇ ಗೊತ್ತು.

ಹೀಗಿರುವವನು ಇವತ್ತು ಹೆಂಡತಿಯ ಮಾತು ಮೀರಿ ಹೊರಟೆ. ಸ್ಕೂಟರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ತಲೆಯಲ್ಲಿ ಸಿಂಧಘಟ್ಟದ ಅಜ್ಜಿಯ ದನಿ ಇತ್ತು: "ನಂಗೊಂದ್ ಮಾತ್ ಯೋಳಕ್ಕೇನಾಗಿತ್ತು ನಿಂಗೆ?" ಸಾವಿತ್ರಕ್ಕನವರ ಮನೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಯಜಮಾನರು ಕುರ್ಚಿಯಲ್ಲಿ ಒರಗಿದ್ದರು, ಮುಖ, ಪಾದ ಊದಿಕೊಂಡಿದ್ದವು. "ಪ್ರಾರ್ಥನೆ ಮಾಡಿಸ್ಕೊಳ್ಳೋಕೆ ನಿಮ್ಗೆ ಮನಸೈತಾ ಅಣ್ಣ?" ಎಂದು ಅವರನ್ನೇ ಕೇಳಿದೆ. ಹೂಂ ಎಂದರು. ನಾನು ಎದ್ದು ನಿಂತ ಕೂಡಲೇ ಸಾವಿತ್ರಕ್ಕ ಓಡಿಹೋಗಿ ಮುಂಬಾಗಿಲು ಹಾಕಿ ಅಗುಳಿ ಎಳೆದರು.

"ಪಕ್ಕದ್ಮನೆಯೋರು ನೋಡ್ತಾರೆ ಆಚಾರ್ರೆ. ಒಂದೋಗಿ ಒಂದಾದಾತು."

ನನಗೂ ಅದೇ ಬೇಕಿತ್ತು. ಮುಚ್ಚಿದ ಬಾಗಿಲಿನ ಹಿಂದೆ, ಪಿಸುದನಿಯಲ್ಲಿ ಮುಗಿಸಿ, ಸ್ಕೂಟರು ಹತ್ತಿ ಬಂದುಬಿಡಬಹುದಿತ್ತು. ಆದರೆ ಮುಚ್ಚಿದ ಬಾಗಿಲಿನ ಹಿಂದಿನ ಗುನುಗುನು ಆಚೆಯವರಿಗೆ ಏನಾಗಿ ಕೇಳಿಸುತ್ತದೆ ಎಂಬುದು ನನಗೆ ಗೊತ್ತಿತ್ತಲ್ಲ. ನಾವು ಹೇಳದೆ ಉಳಿಸಿದ್ದನ್ನೆಲ್ಲ ಅವರು ತಮ್ಮ ಭಯದಿಂದ ತುಂಬಿಕೊಳ್ಳುತ್ತಾರೆ. ಹೋಗಿ ಅಗುಳಿ ತೆಗೆದು, ನಾನೇ ಕೂರಿಸಿದ್ದ ಬಾಗಿಲಿನ ಎರಡೂ ಕದಗಳನ್ನು ಅಗಲವಾಗಿ ತೆರೆದೆ. "ತೆಗ್ದೇ ಇರ್ಲಿ ಅಕ್ಕ" ಎಂದೆ. 

ಕಣ್ಣು ಮುಚ್ಚಲಿಲ್ಲ. ಯಜಮಾನರ ಹೆಸರು ಹೇಳಿ ಶುರು ಮಾಡಿದೆನಷ್ಟೆ, ಪಕ್ಕದ ಮನೆಯಾತ ಗೇಟಿನ ಹತ್ತಿರ ಬಂದು ನಿಂತ. ಕೈಯಲ್ಲಿ ಮೊಬೈಲಿತ್ತು. ಎತ್ತಿ ಹಿಡಿದಿದ್ದನೋ ಸುಮ್ಮನೆ ಹಿಡಿದಿದ್ದನೋ ಬಿಸಿಲಿಗೆ ಕಾಣಿಸಲಿಲ್ಲ. 

"ಏನ್ ನಡೀತಾ ಐತೆ?" ಎಂದ.

ಸೊಂಟ ನೋವು ಎಂದು ಹೇಳುವ ಜಾಗವಲ್ಲ ಅದು. "ಅಣ್ಣಂಗೆ ಉಸಾರಿಲ್ಲ. ವಾಸಿ ಮಾಡಪ್ಪ ಅಂತ ದೇವ್ರನ್ನ ಕೇಳ್ತಾ ಇದ್ದೀನಿ. ನಾನು ಯೇಸಪ್ಪನ್ನ ನಂಬಿರೋನು" ಎಂದೆ. ಆ ಮಾತನ್ನು ಮುಖಕ್ಕೆ ಮುಖ ಕೊಟ್ಟು ಹೊರಗಿನವರಿಗೆ ನಾನು ಹೇಳಿದ್ದು ಅದೇ ಮೊದಲು.

 ಆತ ಗೇಟು ತಳ್ಳಿಕೊಂಡು ಮೆಟ್ಟಿಲ ತನಕ ಬಂದ.

"ಜೋರಾಗ್ ಯೋಳಿ, ಕೇಳಿಸ್ತಾ ಇಲ್ಲ" ಎಂದ.

ಅದು ಬೆದರಿಕೆಯೋ ಬೇಡಿಕೆಯೋ, ಮನೆಗೆ ಬಂದು ಇದನ್ನು ಬರೆಯುತ್ತಿರುವ ಈ ಸಂಜೆಯ ತನಕ ನನಗೆ ತಿಳಿದಿಲ್ಲ. ನಾಳೆ ತಿಳಿಯಬಹುದು. ಆಗ ಯಜಮಾನರ ಕುರ್ಚಿಯ ಬೆನ್ನು ಹಿಡಿದುಕೊಂಡೆ. ಪ್ರಾರ್ಥನೆಯನ್ನು ಮೊದಲಿಂದ ಜೋರಾಗಿಯೇ ಹೇಳಿದೆ.